ಬೆಟ್ಟ ಹತ್ತುವ ಅಭ್ಯಾಸ ಪಂಚಾಯಿತಿ ಕೆಲಸಕ್ಕೆ ಬರುತ್ತಾ?

ಮೂಡಿಗೆರೆ ಮಳೆ: ನಮ್ಮೂರಿಗೆ ಹೊಸದಾಗಿ ಬಂದ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಭಾನುವಾರ ಆದರೆ ಸಾಕು, ಬೆಟ್ಟಕ್ಕೆ ಹೊರಡುತ್ತಾರೆ. ಮುಳ್ಳಯ್ಯನಗಿರಿಯ 1,930 ಮೀಟರ್ ಅವರಿಗೆ ಲೆಕ್ಕಕ್ಕೇ ಇಲ್ಲ. ಇದರಿಂದ ಊರಿಗೆ ಏನಾದರೂ ಉಪಯೋಗ ಇದೆಯಾ? ನಿಜಕ್ಕೂ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಕಾಫಿ ಹೂವು: ಖಂಡಿತ ಇದೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ರಸ್ತೆ ಮುಚ್ಚಿಹೋಗಿತ್ತು. ಆಗಿದ್ದ ಗ್ರಾಮ ಲೆಕ್ಕಿಗರಿಗೆ ಚಾರಣದ ಹುಚ್ಚು, ತೋಟದೊಳಗಿನ ಕಾಲುದಾರಿ ಹಿಡಿದು ನಡೆದೇ ಬಂದರು. ಮಂಡಿವರೆಗೆ ಕೆಸರು, ಇಂಬಳ ಕಚ್ಚಿ ಕಾಲಲ್ಲಿ ರಕ್ತ ಇಳಿಯುತ್ತಿತ್ತು, ಆದರೂ ಪ್ಲಾಸ್ಟಿಕ್ ಕವರಿನಿಂದ ಪುಸ್ತಕ ತೆಗೆದು ಮೊದಲು ಕೇಳಿದ್ದು ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೆ ಅಂತ. ಅಮ್ಮ ಇವತ್ತಿಗೂ ಅವರನ್ನು ನೆನೆಯುತ್ತಾರೆ.

ಘಾಟಿ ದಾರಿ: ಸುಮ್ನೆ ಬೆಟ್ಟ ಹತ್ತಿದರೆ ಸಾಲದು, ಫೈಲು ನೋಡುವ ತಾಳ್ಮೆಯೂ ಬೇಕು ಅಲ್ವಾ? ಆದರೆ ಬೆಟ್ಟದ ಕಣಿವೆಗಳಲ್ಲಿರುವ ಶೋಲಾ ಕಾಡಲ್ಲಿ ಜಾಸ್ತಿ ಓಡಾಡಿದವರು ಮಳೆ ನೀರು ಕಾಡಿನೊಳಗೆ ಇಂಗಿ, ಬೇಸಿಗೆಯಲ್ಲೂ ಹಳ್ಳವಾಗಿ ಹರಿಯುವುದನ್ನು ಕಣ್ಣಾರೆ ಕಂಡಿರುತ್ತಾರೆ. ಅಂಥವರು ಗುಡ್ಡ ಅಗೆಯುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಮೂಡಿಗೆರೆ ಮಳೆ: ಹಾಗಾದರೆ ನಮ್ಮ ಹಳ್ಳದ ಕಾಲುಸಂಕ ನೋಡಲು ಈ ವಾರವೇ ಅವರನ್ನು ಕರೆಯುತ್ತೇನೆ. ಮಕ್ಕಳು ಶಾಲೆಗೆ ಹೋಗುವುದು ಅದರ ಮೇಲೇ.