10 ಕಿ.ಮೀ. ಓಟಗಾರ ಎಲೀಟ್ ಟ್ರಯಥ್ಲಾನ್‌ಗೆ ಹೋಗಬಹುದೇ? ಕೋಚ್‌ಗೆ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ವಯಸ್ಸು 23. 10 ಕಿ.ಮೀ. 32:30ಕ್ಕೆ ಓಡ್ತೀನಿ, ವಾರಕ್ಕೆ 90 ಕಿ.ಮೀ. ಆಗುತ್ತೆ. ಈಜು ಕಲಿತು ಆರು ತಿಂಗಳು: 200 ಮೀ. 3:48, 400 ಮೀ. 8:00. ಅಮೆರಿಕದ ಗ್ವೆನ್ ಜಾರ್ಗೆನ್ಸನ್ 24ಕ್ಕೆ ಟ್ರಯಥ್ಲಾನ್ (ಒಂದೇ ರೇಸಿನಲ್ಲಿ ಈಜು, ಸೈಕಲ್, ಓಟ) ಶುರು ಮಾಡಿ ಒಲಿಂಪಿಕ್ ಚಿನ್ನ ಗೆದ್ದರಂತೆ. ನನಗೂ ದಾರಿ ಇದೆಯಾ?

ಕೋಚ್: ಜಾರ್ಗೆನ್ಸನ್ ಕಥೆಯನ್ನು ಎಲ್ಲರೂ ಅರ್ಧ ಹೇಳುತ್ತಾರೆ. ಲೆಕ್ಕಪತ್ರದ ಕೆಲಸದಲ್ಲಿದ್ದ ಅವರನ್ನು ಅಮೆರಿಕದ ಟ್ರಯಥ್ಲಾನ್ ಸಂಸ್ಥೆ 2010ರಲ್ಲಿ ಹುಡುಕಿ ತಂದಿತು, 2016ರ ರಿಯೊದಲ್ಲಿ ಚಿನ್ನ ಬಂತು. ಇಷ್ಟು ನಿಜ. ಆದರೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅವರು ಓಟಕ್ಕೆ ಬರುವ ಮೊದಲು ಈಜು ತಂಡದಲ್ಲಿದ್ದವರು. ಹೊಸದಾಗಿ ಕಲಿಯಬೇಕಾಗಿದ್ದದ್ದು ಸೈಕಲ್ ಮಾತ್ರ. ನಿಮಗೆ ಎರಡೂ ಹೊಸದು.

ನಿಮ್ಮದೇ ಅಂಕಿ ತೆಗೆದುಕೊಳ್ಳಿ. 8:00ರಲ್ಲಿ 3:48 ಕಳೆದರೆ 4:12, ಅದರ ಅರ್ಧ 2:06. ಹೆಚ್ಚು ಹೊತ್ತು ಕಾಯ್ದುಕೊಳ್ಳಬಲ್ಲ ನಿಮ್ಮ 100 ಮೀ. ವೇಗ ಅದು. ಆ ಲೆಕ್ಕದಲ್ಲಿ ರೇಸಿನ 1500 ಮೀ. ಈಜಿಗೆ 31:30. ಎಲೀಟ್ ಪುರುಷರ ಮುಂಚೂಣಿ 18 ನಿಮಿಷದ ಆಸುಪಾಸಿನಲ್ಲಿ ನೀರಿನಿಂದ ಏಳುತ್ತದೆ, ಅಂದರೆ 100ಕ್ಕೆ 1:12. ಎಲೀಟ್ ರೇಸಿನಲ್ಲಿ ಸೈಕಲ್ ಗುಂಪಾಗಿ ಓಡುತ್ತದೆ. ಮುಂದಿನವರ ಗಾಳಿಮರೆ ಸಿಗದವನು ಒಂಟಿಯಾಗಿ ತುಳಿದು ಸೋಲುತ್ತಾನೆ. ಸರ್ಕ್ಯೂಟಿನಲ್ಲಿ ಒಂದು ಸುತ್ತು ಹಿಂದೆ ಬಿದ್ದವರನ್ನು ರೇಸಿನಿಂದಲೇ ತೆಗೆಯುತ್ತಾರೆ. ನಿಮ್ಮ 32:30 ತೋರಿಸುವ ಸರದಿಯೇ ಬರುವುದಿಲ್ಲ. ಹಾಗಾಗಿ ಮುಂದಿನ ಎರಡು ವರ್ಷ ನಿಮ್ಮ ಕೆಲಸ ಪೂಲಿನಲ್ಲಿ.

ಓಟಗಾರರ ತೊಂದರೆ ದಮ್ಮಿನದಲ್ಲ, ದೇಹದ ಭಂಗಿಯದು. ಕಾಲು ಮುಳುಗುತ್ತದೆ. ಕಾರಣ ಮೂರು: ಉಸಿರಿಗಾಗಿ ತಲೆ ಎತ್ತುವುದು, ನೀರಿನೊಳಗೆ ಉಸಿರು ಬಿಡದೆ ಹಿಡಿದಿಡುವುದು, ಬಿಗಿಯಾದ ಕಣಕಾಲಿನ ಕೀಲು. ಪಾದ ಹಿಂದಕ್ಕೆ ಚಾಚದಿದ್ದರೆ ಒದ್ದಷ್ಟೂ ಬ್ರೇಕ್ ಹಾಕಿದ ಹಾಗೆ. ದಿನಾ ಐದೈದು ನಿಮಿಷ ವಜ್ರಾಸನದಲ್ಲಿ ಕೂರಿ, ಇದಕ್ಕಿಂತ ಅಗ್ಗದ ಮದ್ದಿಲ್ಲ. (ಮಂಡಿ ನೋವಿದ್ದರೆ ಬೇಡ.) ಮುಖ ನೀರಿಗಿಟ್ಟ ತಕ್ಷಣ ಮೂಗು ಬಾಯಿಂದ ಗುಳ್ಳೆ ಬಿಡುತ್ತಲೇ ಇರಿ. ಉಸಿರಿಗೆ ತಲೆ ಎತ್ತದೆ ಪಕ್ಕಕ್ಕೆ ಹೊರಳಿಸಿ, ಈಜು ಕನ್ನಡಕದ ಒಂದು ಗಾಜು ನೀರಲ್ಲೇ ಇರಲಿ.

ವಾರಕ್ಕೆ ಐದಾರು ದಿನ ನೀರಿಗಿಳಿಯಿರಿ. ಮೂರು ದಿನ ತಲಾ ಎರಡು ಗಂಟೆಗಿಂತ ಆರು ದಿನ ತಲಾ ಒಂದು ಗಂಟೆ ಮೇಲು. ನೀರಿನ ಹಿಡಿತ ಬೇಗ ಮರೆತುಹೋಗುತ್ತದೆ. ಮೊದಲು 25 ಮೀ.ನ 16 ತುಂಡು, ನಡುವೆ 20 ಸೆಕೆಂಡ್ ಬಿಡುವು. ಭಂಗಿ ಕೆಟ್ಟರೆ ಅಲ್ಲೇ ನಿಲ್ಲಿಸಿ. ಆಮೇಲೆ 100 ಮೀ.ನ 10, ತಲಾ 2:06ಕ್ಕೆ, 15 ಸೆಕೆಂಡ್ ಬಿಡುವು. ಆರು ವಾರಕ್ಕೊಮ್ಮೆ 200, 400 ಮತ್ತೆ ಅಳೆಯಿರಿ. ಓಟವನ್ನು 55–60 ಕಿ.ಮೀ.ಗೆ ಇಳಿಸಿ. ಇದಕ್ಕೇ ಎಲ್ಲರೂ ಒದ್ದಾಡುವುದು.

ಪ್ರಶ್ನೆ: ವೆಟ್‌ಸೂಟ್ (ಮೈಗಂಟುವ ರಬ್ಬರ್ ಈಜುಡುಗೆ) ಹಾಕಿದ್ರೆ ಕಾಲು ತೇಲುತ್ತಲ್ವಾ ಸರ್?

ಕೋಚ್: ತೇಲುತ್ತೆ. ಆದರೆ ನೀರು 20 ಡಿಗ್ರಿ ಮುಟ್ಟಿದರೆ ಎಲೀಟ್‌ಗಳಿಗೆ ಅದು ನಿಷಿದ್ಧ. ನಮ್ಮ ಕಡೆ ನೀರಿಗೆ ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಸೈಕಲ್ಲಿಗೆ ಓಟದ ಹಾರ್ಟ್ ರೇಟ್ ಲೆಕ್ಕವನ್ನೇ ಇಟ್ಟುಕೊಳ್ಳಬಹುದಾ? ಇಳಿದು ಓಡಿದರೆ ಕಾಲು ಕಲ್ಲಾಗುತ್ತೆ, ಯಾಕೆ?

ಕೋಚ್: ಬೇಡ. ಅದೇ ಶ್ರಮಕ್ಕೆ ಸೈಕಲ್ಲಿನಲ್ಲಿ ನಾಡಿಬಡಿತ ಸಾಮಾನ್ಯವಾಗಿ 5–10 ಕಡಿಮೆ ಇರುತ್ತೆ. ಓಟದ ಅಂಕಿ ಹಿಡಿದರೆ ಅತಿಯಾಗಿ ತುಳಿಯುತ್ತೀರಿ. ಪವರ್ ಮೀಟರ್ (ತುಳಿಯುವ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಸಾಧನ) ಇದ್ದರೆ 20 ನಿಮಿಷ ಪೂರ್ತಿ ತುಳಿದು ಸರಾಸರಿಯ ಶೇ. 95 ತೆಗೆಯಿರಿ, 250 ವ್ಯಾಟ್ ಬಂದರೆ ಸುಮಾರು 237. ಅದರ ಮೇಲೆ ತರಬೇತಿ ಕಟ್ಟಿ.

ಕಾಲು ಕಲ್ಲಾಗುವುದಕ್ಕೆ ಮುಖ್ಯ ಕಾರಣ, ಸೊಂಟ ಮಡಚಿಕೊಂಡು ಗಂಟೆಗಟ್ಟಲೆ ಭಾರದ ಗೇರ್ ಒತ್ತಿರುವುದು. ಕೊನೆಯ 2 ಕಿ.ಮೀ. ಹಗುರ ಗೇರಿನಲ್ಲಿ ನಿಮಿಷಕ್ಕೆ 90–95 ಸುತ್ತು ತುಳಿಯಿರಿ, ಇಳಿದ ಮೇಲೆ ಹೆಜ್ಜೆ ಚಿಕ್ಕದಾಗಿರಲಿ. ವಾರಕ್ಕೊಮ್ಮೆ 20 ನಿಮಿಷ ಸೈಕಲ್, ತಕ್ಷಣ 1.5 ಕಿ.ಮೀ. ಓಟ, ಇದನ್ನೇ ಮೂರು ಸಲ. ಮೊದಲ ಕಿ.ಮೀ. ನಿಧಾನ ಅನ್ನಿಸಿದರೂ ಗಡಿಯಾರ ನೋಡಿ, ಬಹಳ ಸಲ ಅದೇ ಅತಿ ವೇಗವಾಗಿರುತ್ತೆ.

ಪ್ರಶ್ನೆ: ಟ್ರಾನ್ಸಿಷನ್‌ನಲ್ಲಿ (ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವಾಗ) ಪೆನಾಲ್ಟಿ ಬೀಳೋದು ಎಲ್ಲಿ?

ಕೋಚ್: ಹೆಲ್ಮೆಟ್ಟಿನಲ್ಲಿ. ಪಟ್ಟಿ ಬಿಗಿದ ಮೇಲೆ ಸೈಕಲ್ ಮುಟ್ಟಬೇಕು, ಓಟಕ್ಕೆ ಹೋಗುವಾಗ ಸೈಕಲ್ ಸ್ಟ್ಯಾಂಡಿಗೆ ಸೇರಿದ ಮೇಲೆ ಬಿಚ್ಚಬೇಕು. ನೆಲದ ಮೇಲೆ ಗುರುತಿಸಿದ ಮೌಂಟ್ ಗೆರೆ ದಾಟಿದ ಮೇಲೆಯೇ ಸೈಕಲ್ ಹತ್ತಬೇಕು. ಶೂ ಪೆಡಲಿಗೇ ಕಚ್ಚಿಸಿ, ಹಿಮ್ಮಡಿಯ ಕುಣಿಕೆಗೆ ತೆಳು ರಬ್ಬರ್ ಬ್ಯಾಂಡ್ ಹಾಕಿ ಸೈಕಲ್ಲಿಗೆ ಕಟ್ಟಿದರೆ ಶೂ ನೆಲಕ್ಕೆ ತಾಗದೆ ಅಡ್ಡಕ್ಕೆ ನಿಲ್ಲುತ್ತೆ. ತುಳಿದ ಕೂಡಲೇ ಬ್ಯಾಂಡ್ ಹರಿಯುತ್ತೆ. ವೇಗ ಬಂದ ಮೇಲೆ ಪಾದ ತೂರಿಸಿ.

ಪ್ರಶ್ನೆ: ಟಿಟಿ ಬೈಕ್ (ಒಂಟಿಯಾಗಿ ಗಡಿಯಾರದ ವಿರುದ್ಧ ತುಳಿಯುವ ಟೈಮ್ ಟ್ರಯಲ್ ಸೈಕಲ್) ತಗೋಬೇಕಾ?

ಕೋಚ್: ಎಲೀಟ್ ಗುಂಪು ರೇಸಿಗೆ ಅದು ನಡೆಯೋದಿಲ್ಲ. ಬಾಗಿದ ಹ್ಯಾಂಡಲ್‌ನ ರೋಡ್ ಬೈಕ್ ಸಾಕು. ಉಳಿದ ದುಡ್ಡು ಈಜು ಕೋಚ್‌ಗೆ ಕೊಡಿ, ಭಾನುವಾರ ಕ್ಲಬ್ಬಿನವರ ಜೊತೆ ಗುಂಪಿನಲ್ಲಿ ತುಳಿಯೋದು, ತಿರುವಿನಲ್ಲಿ ವಾಲೋದು ಕಲಿಯಿರಿ.