ಕೋಲಾರ: ಡೈವೋರ್ಸ್ ಆಗುವಾಗ ಇಬ್ಬರೂ ಸೇರಿ ಕಟ್ಟಿದ ಸಸಿ ನರ್ಸರಿಗೆ ಬೆಲೆ ಕಟ್ಟುವುದು ಹೇಗೆ?

ಸಸಿಮಡಿ_ಕೋಲಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು, ನನ್ನ ಗಂಡ ಸೇರಿ 2016ರಲ್ಲಿ ಶ್ರೀನಿವಾಸಪುರ ರಸ್ತೆ ಕಡೆ ಟೊಮೆಟೊ ಸಸಿ ನರ್ಸರಿ ಶುರು ಮಾಡಿದೆವು. ಜಮೀನು ಮಾವನವರದ್ದು. ಬೋರ್ಡು, ಬ್ಯಾಂಕ್ ಖಾತೆ ಎಲ್ಲಾ ಗಂಡನ ಹೆಸರಲ್ಲಿದೆ. ಬಂಡವಾಳಕ್ಕೆ ನನ್ನ ತವರಿನವರು ಹಾಕಿದ್ದ 85 ಗ್ರಾಂ ಒಡವೆ ಅಡ ಇಟ್ಟಿದ್ದೆವು. ಆಮೇಲೆ ಬಿಡಿಸಿಕೊಂಡೆವು. ಆದರೆ 2020ರ ಲಾಕ್‌ಡೌನ್‌ನಲ್ಲಿ ಸಸಿ ಕೇಳುವವರೇ ಇಲ್ಲದೆ ಟ್ರೇಯಲ್ಲೇ ಬಲಿತು ಹಳದಿಯಾಗಿ ಹೋದಾಗ, ಬೀಜದಂಗಡಿ ಬಾಕಿ ತೀರಿಸಲು ಅದೇ ಒಡವೆ ಮಾರಿದೆವು.

ಬೆಳಗ್ಗೆ 5ಕ್ಕೆ ಎದ್ದು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಲಸುವುದರಿಂದ ಹಿಡಿದು ಹೆಣ್ಣಾಳುಗಳ ಕೂಲಿ, ರೈತರ ಆರ್ಡರ್, ಉದ್ದರಿ ವಸೂಲಿ ತನಕ ಎಲ್ಲಾ ನಾನೇ ನೋಡಿಕೊಂಡಿದ್ದು. 3,000 ಟ್ರೇಯಿಂದ ಶುರುವಾಗಿದ್ದು ಈಗ 11,000 ಆಗಿದೆ. ಈಗ ಇಬ್ಬರೂ ಒಪ್ಪಿ ಬೇರೆಯಾಗುತ್ತಿದ್ದೇವೆ. ಅವರು ಹೇಳುವುದು, "ನರ್ಸರಿ ನನ್ನದು, ಹಳೇ ಟ್ರೇ, ಹರಿದ ನೆರಳು ನೆಟ್ಟಿಗೆ ಏನು ಬೆಲೆ, 2 ಲಕ್ಷ ತಗೊಂಡು ಸಹಿ ಹಾಕು" ಅಂತ. 3.5 ಲಕ್ಷ ಸಾಲ ಬಾಕಿ ಇದೆ, ಅದಕ್ಕೆ ನಾನೂ ಸಹಿ ಹಾಕಿದ್ದೇನೆ.

ನನಗೆ ಅರ್ಧ ಬರುತ್ತದೆಯಾ? ಬೆಲೆ ಕಟ್ಟುವುದು ಯಾರು, ಹೇಗೆ?

ವಕೀಲೆ_ಮುಳಬಾಗಿಲು

ಮೇಡಂ, ಮೊದಲು ಬೇಜಾರಿನ ಮಾತು ಹೇಳಿಬಿಡುತ್ತೇನೆ. ಮದುವೆಯಾದ ಮೇಲೆ ಸಂಪಾದಿಸಿದ್ದರಲ್ಲಿ ಅರ್ಧ ಹೆಂಡತಿಗೆ ಅನ್ನುವ ಕಾನೂನು ಗೋವಾದಲ್ಲಿದೆ, ನಮ್ಮ ಕರ್ನಾಟಕದಲ್ಲಿಲ್ಲ. ಸಿನಿಮಾ, ಟಿವಿ ನೋಡಿ ತುಂಬಾ ಜನ ಇದೆ ಅಂದುಕೊಂಡಿರುತ್ತಾರೆ. ಯಾರ ಹೆಸರಲ್ಲಿದೆಯೋ ಅವರದ್ದು ಅಂತಲೇ ಲೆಕ್ಕ ಶುರುವಾಗುತ್ತದೆ. ಮಾವನವರ ಜಮೀನಂತೂ ಈ ಲೆಕ್ಕಕ್ಕೇ ಬರುವುದಿಲ್ಲ.

ಹಾಗಂತ ಕೈ ಚೆಲ್ಲಿ ಕೂರಬೇಡಿ. ನಿಮಗೆ ಮೂರು ದಾರಿ ಇದೆ.

ಒಡವೆ ಸ್ತ್ರೀಧನ, ಅದು ನಿಮ್ಮದೇ. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿಕೊಂಡರೂ ವಾಪಸ್ ಕೊಡುವುದು ಅವನ ಹೊಣೆ ಅಂತ ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಿದೆ. ಆದ್ದರಿಂದ ಆ 85 ಗ್ರಾಂ ನರ್ಸರಿ ಪಾಲಿನ ಜೊತೆ ಸೇರಿಸಬೇಡಿ, ಬೇರೆಯಾಗಿ ಕೇಳಿ.

ಎರಡನೆಯದು ಪಾಲುದಾರಿಕೆ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಪತ್ರ ಇರಲೇಬೇಕು ಅಂತಿಲ್ಲ, ಬಾಯಿಮಾತಿನ ಒಪ್ಪಂದವೂ ನಡೆಯುತ್ತದೆ. ನೋಂದಣಿ ಇಲ್ಲದ ಪಾಲುದಾರಿಕೆಯಲ್ಲೂ ಅದನ್ನು ಮುಚ್ಚಿ ಲೆಕ್ಕ ಕೊಡಿ ಅಂತ ಕೇಳಬಹುದು. ಆದರೆ ಲಾಭ ಹಂಚಿಕೊಳ್ಳುವ ಒಪ್ಪಂದ ಇತ್ತು ಅಂತ ನೀವೇ ತೋರಿಸಬೇಕು, ಬರೀ ದುಡಿದೆ ಅಂದರೆ ಸಾಲದು. ಇದು ಕಷ್ಟದ ದಾರಿ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ.

ಮೂರನೆಯದು ಶಾಶ್ವತ ಜೀವನಾಂಶ, ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್. ಇಲ್ಲಿ ಕೋರ್ಟು ಗಂಡನ ಆದಾಯ, ಆಸ್ತಿ ಎರಡನ್ನೂ ನೋಡುತ್ತದೆ. ಅಂದರೆ ನರ್ಸರಿ ನಿಮ್ಮ ಹೆಸರಲ್ಲಿ ಇಲ್ಲದಿದ್ದರೂ ಅದರ ಬೆಲೆ ನಿಮಗೆ ಮುಖ್ಯವೇ. ಜೀವನಾಂಶ ಕೇಳುವ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು ಅಂತ ಸುಪ್ರೀಂ ಕೋರ್ಟಿನ 2020ರ ರಜನೀಶ್–ನೇಹಾ ತೀರ್ಪಿನಲ್ಲಿದೆ.

ಸಾಲದ ವಿಷಯ ಮರೆಯಬೇಡಿ. ನಿಮ್ಮಿಬ್ಬರ ನಡುವೆ "ಸಾಲ ಗಂಡನೇ ಕಟ್ಟತಕ್ಕದ್ದು" ಅಂತ ಬರೆದುಕೊಂಡರೆ ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ಗಂಡ ಕಂತು ನಿಲ್ಲಿಸಿದರೆ ಬ್ಯಾಂಕಿನವರು ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ. ನಿಮ್ಮ ಹೆಸರು ತೆಗೆದಿದ್ದೇವೆ ಅಂತ ಬ್ಯಾಂಕಿನಿಂದ ಪತ್ರ ಕೈಗೆ ಬರುವ ತನಕ ಕೊನೆಯ ಸಹಿ ಹಾಕಬೇಡಿ.

ಲೆಕ್ಕದ_ಪುಸ್ತಕ

ನಾನು ಚಿಂತಾಮಣಿಯಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ. ನರ್ಸರಿ ಕೇಸಿನಲ್ಲಿ ಒಂದು ತೊಡಕಿದೆ. ಸಸಿಗೆ ಜಿಎಸ್‌ಟಿ ಇಲ್ಲ, ನರ್ಸರಿ ಸಸಿಯ ಆದಾಯ ಕೃಷಿ ಆದಾಯ ಅಂತ ಆದಾಯ ತೆರಿಗೆಯೂ ಬೀಳುವುದಿಲ್ಲ. ಹಾಗಾಗಿ ಸರ್ಕಾರದ ಕಡೆ ಕಾಗದ ಬಹಳ ಕಡಿಮೆ ಇರುತ್ತದೆ. "ಏನೂ ಉಳಿಯಲ್ಲ ಸ್ವಾಮಿ" ಅಂದರೆ ಸುಳ್ಳು ಅಂತ ತೋರಿಸುವುದು ಹೇಗೆ?

ಬೀಜದ ಬಿಲ್ಲು ಹಿಡಿಯಿರಿ. 10 ಗ್ರಾಂ ಟೊಮೆಟೊ ಪ್ಯಾಕೆಟ್‌ನಲ್ಲಿ ಹೆಚ್ಚುಕಮ್ಮಿ 3,000 ಬೀಜ ಇರುತ್ತದೆ. ವರ್ಷಕ್ಕೆ 1,000 ಪ್ಯಾಕೆಟ್ ಕೊಂಡಿದ್ದರೆ 30 ಲಕ್ಷ ಬೀಜ. ನೂರಕ್ಕೆ 85 ಮೊಳೆತರೂ 25 ಲಕ್ಷ ಸಸಿ. ಅದು ಎಲ್ಲಿಗೋ ಹೋಗಿದೆ ಅಲ್ವಾ? ಅದರ ಜೊತೆ ಫೋನ್‌ಪೇ ಸ್ಟೇಟ್‌ಮೆಂಟ್, ಕೋಕೋಪೀಟ್ ಲೋಡಿನ ರಸೀದಿ ಇಟ್ಟರೆ ಚಿತ್ರ ಸಿಗುತ್ತದೆ.

ಈಗ ಬೆಲೆ. ನಿಮ್ಮವರು ಹೇಳುತ್ತಿರುವುದು ಗುಜರಿ ಬೆಲೆ. ನಡೆಯುತ್ತಿರುವ ವ್ಯಾಪಾರವನ್ನು ಹಾಗೆ ತೂಗುವುದಿಲ್ಲ. ಒಂದೇ ವರ್ಷದ ಲಾಭವನ್ನೂ ನೋಡಬಾರದು. ಟೊಮೆಟೊ ರೇಟು ಏರಿದ ವರ್ಷ ಸಸಿಗೆ ಕ್ಯೂ, ರಸ್ತೆಗೆ ಸುರಿದ ವರ್ಷ ಸಸಿ ಕೇಳುವವರಿಲ್ಲ. ಉದಾಹರಣೆಗೆ ಮೂರು ವರ್ಷ 9, 4, 8 ಲಕ್ಷ ಉಳಿದಿತ್ತು ಅಂದುಕೊಳ್ಳಿ, ಸರಾಸರಿ 7. ಇದರಲ್ಲಿ ನಿಮ್ಮಿಬ್ಬರ ದುಡಿಮೆ ಸೇರಿದೆ. ಅದೇ ಕೆಲಸಕ್ಕೆ ಇಬ್ಬರನ್ನು ತಿಂಗಳಿಗೆ 15,000ದಂತೆ ಇಟ್ಟರೆ ವರ್ಷಕ್ಕೆ 3.6 ಲಕ್ಷ. ಕಳೆದರೆ 3.4 ಲಕ್ಷ. ಇದು ವ್ಯಾಪಾರದ್ದೇ ಆದ ಲಾಭ. ಚಿಕ್ಕ ವ್ಯಾಪಾರ ಆದ್ದರಿಂದ ಇದರ ಎರಡು ಮೂರು ಪಟ್ಟು ಅಂತ ಮಾತಾಡಬಹುದು. ಮೂರು ಪಟ್ಟು ಅಂದರೆ 10.2 ಲಕ್ಷ. ಟ್ರೇ, ನೆಟ್ಟು ಇದರೊಳಗೇ ಬಂತು, ಮತ್ತೆ ಸೇರಿಸಬೇಡಿ. ವಸೂಲಾಗುವ ಉದ್ದರಿ 4 ಲಕ್ಷ ಇದ್ದರೆ ಕೂಡಿಸಿ, ಸಾಲ 3.5 ಕಳೆಯಿರಿ. 10.7 ಲಕ್ಷ.

ಇದರಲ್ಲಿ ನಿಮಗೆಷ್ಟು ಅನ್ನುವುದು ಮಾತುಕತೆ. ಆದರೆ 2 ಲಕ್ಷ ಅಂದಾಗ ಮುಂದಿಡಲು ನಿಮ್ಮ ಕೈಯಲ್ಲೂ ಒಂದು ಲೆಕ್ಕ ಇರಬೇಕು.

ಬಂಗಾರಪೇಟೆ_ಅಣ್ಣ

ಮೇಲಿನ ಸರ್ ಲೆಕ್ಕ ಸರಿ, ಆದರೆ ನನ್ನ ತಂಗಿ ಕೇಸಿನಲ್ಲಿ ನಾವು ಪೆಟ್ಟು ತಿಂದಿದ್ದು ಬೇರೆ ಕಡೆ, ಅದಕ್ಕೇ ಬರೆಯುತ್ತಿದ್ದೇನೆ. ಅವಳದ್ದು ಹೊಲಿಗೆ ಅಂಗಡಿ. ಗಿರಾಕಿಗಳ ನಂಬಿಕೆಗೂ ಬೆಲೆ ಕೊಡಿ ಅಂತ ಕೇಳಿದೆವು, ಗಂಡನ ಕಡೆಯವರು ಕೊಟ್ಟರು. ಅದರ ಜೊತೆ ಐದು ವರ್ಷ ಅದೇ ಊರಿನಲ್ಲಿ ಅಂಗಡಿ ಇಡಬಾರದು ಅಂತ ಒಂದು ಸಾಲು ಸೇರಿಸಿದರು. ನಾವು ಓದಿ ಅರ್ಥ ಮಾಡಿಕೊಳ್ಳದೆ ಸಹಿ ಹಾಕಿದೆವು. ಈಗ ಅವಳು ಬೇರೆಯವರ ಅಂಗಡಿಯಲ್ಲಿ ಕೂಲಿಗೆ ಹೊಲಿಯುತ್ತಿದ್ದಾಳೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಕ್ಕ, ರೈತರು ಆರ್ಡರ್ ಕೊಡಲು ಯಾರ ನಂಬರಿಗೆ ಫೋನ್ ಮಾಡುತ್ತಾರೆ? ನಿಮ್ಮದಕ್ಕಾದರೆ ವ್ಯಾಪಾರ ನಿಮ್ಮ ಕೈಯಲ್ಲೇ ಇದೆ. ದುಡ್ಡು ಕಮ್ಮಿ ತಗೊಂಡು 4,000 ಟ್ರೇ ಕೇಳಿ ನೋಡಿ. ಬಾಡಿಗೆ ಜಮೀನಿನಲ್ಲಿ ಶುರು ಮಾಡಬಹುದು.

ವಕೀಲೆ_ಮುಳಬಾಗಿಲು

ಅಣ್ಣ ಹೇಳಿದ್ದು ತುಂಬಾ ಮುಖ್ಯ. ಸಾಮಾನ್ಯವಾಗಿ ವ್ಯಾಪಾರ ಮಾಡಬೇಡ ಅನ್ನುವ ಒಪ್ಪಂದ ನಿಲ್ಲುವುದಿಲ್ಲ. ಆದರೆ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಗುಡ್‌ವಿಲ್ (ಅಣ್ಣ ಹೇಳಿದ ಗಿರಾಕಿಗಳ ನಂಬಿಕೆ) ಮಾರಿದವರ ಮೇಲೆ, ಇಂತಿಷ್ಟು ಜಾಗದೊಳಗೆ ಅಂತ ನ್ಯಾಯವಾದ ಮಿತಿ ಹಾಕಿ, ಅಂಥ ಷರತ್ತು ವಿಧಿಸಬಹುದು. ಗುಡ್‌ವಿಲ್ ಅನ್ನುವ ಪದ ಪತ್ರದಲ್ಲಿ ಕಂಡರೆ ಅಲ್ಲೇ ನಿಲ್ಲಿಸಿ, ನಿಮ್ಮ ವಕೀಲರನ್ನು ಕೇಳಿ. ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಸಹಾಯವಾಣಿ 15100.

ಸಸಿಮಡಿ_ಕೋಲಾರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಎರಡು ದಿನದಿಂದ ಇದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ.

ಲೆಕ್ಕದ ಸರ್, ಬೀಜದ ಬಿಲ್ಲಿನಲ್ಲಿ ಅರ್ಧ ಮಾತ್ರ ಸಿಗುತ್ತದೆ. ನಮ್ಮಲ್ಲಿ ಸುಮಾರು ರೈತರು ಬೀಜ ಅವರೇ ತಂದುಕೊಡುತ್ತಾರೆ, ನಾವು ಬೆಳೆಸಿಕೊಡುವ ಕೂಲಿ ಮಾತ್ರ ತಗೊಳ್ಳುತ್ತೇವೆ. ಅದಕ್ಕೆ ಬಿಲ್ಲಿಲ್ಲ. ಆದರೆ ಉದ್ದ ನೋಟ್‌ಬುಕ್ಕುಗಳಿವೆ, ಒಟ್ಟು ಏಳು. ರೈತರ ಹೆಸರು, ಊರು, ಬೀಜ ಅವರದ್ದಾ ನಮ್ಮದಾ, ಎಷ್ಟು ಟ್ರೇ, ಯಾವ ದಿನ ಬಿತ್ತಿದ್ದು, ಯಾವ ದಿನ ಎತ್ತಿಕೊಂಡರು, ಬಾಕಿ ಎಷ್ಟು. ಏಳೂ ನನ್ನ ಕೈಬರಹ. ನೀರು ಬಿದ್ದು ಕೆಲವು ಪುಟ ಅಂಟಿಕೊಂಡಿವೆ, ಆದರೂ ಓದಬಹುದು. ಹಿಂದಿನ ರಟ್ಟಿನಲ್ಲಿ ಒಡವೆ ಅಡ ಇಟ್ಟ ಚೀಟಿಯೂ ಇದೆ, ಮೊನ್ನೆ ಕಂಡಿತು.

ಅಣ್ಣ, ಆರ್ಡರ್ ನಂಬರ್ ನನ್ನದೇ. ನೀವು ಕೇಳುವ ತನಕ ಅದು ಲೆಕ್ಕಕ್ಕೆ ಬರುತ್ತದೆ ಅಂತ ಹೊಳೆದಿರಲಿಲ್ಲ. ನಿಮ್ಮ ತಂಗಿಗೆ ಆ ಐದು ವರ್ಷ ಯಾವಾಗ ಮುಗಿಯುತ್ತದೆ?

ನೋಟ್‌ಬುಕ್ಕುಗಳು ಇನ್ನೂ ನರ್ಸರಿ ಶೆಡ್ಡಿನಲ್ಲೇ ಇವೆ. ಭಾನುವಾರ ಅವರು ಊರಿನಲ್ಲಿರುವುದಿಲ್ಲ, ನನ್ನ ಹತ್ತಿರ ಬೀಗದ ಕೈ ಇದೆ. ಅಸಲು ತರಬೇಕಾ, ಫೋಟೋ ಹೊಡೆದುಕೊಂಡರೆ ಸಾಕಾ?

ವಕೀಲೆ_ಮುಳಬಾಗಿಲು

ಇವತ್ತೇ ಪ್ರತಿ ಪುಟದ ಫೋಟೋ ಹೊಡೆದುಕೊಳ್ಳಿ, ಭಾನುವಾರದ ತನಕ ಕಾಯಬೇಡಿ. ನಿಮ್ಮ ಹೆಸರಿರುವ ಅಡ ಚೀಟಿ ಅಸಲೇ ತನ್ನಿ. ನೋಟ್‌ಬುಕ್ಕುಗಳನ್ನು ಅಲ್ಲೇ ಬಿಡಿ. ಕೇಸು ನಡೆದರೆ ಕೋರ್ಟಿಗೆ ತರಿಸಿ ಅಂತ ಅರ್ಜಿ ಹಾಕಬಹುದು. ಹೋಗುವಾಗ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.