ಕೆಂಪು ಟಿಕ್ ಸುದ್ದಿ, ನೀಲಿ ಟಿಕ್ ಜಗಳ

ವಾಟ್ಸ್ಆ್ಯಪ್ ಗುಂಪು: ನಮ್ಮ ದುರ್ಗದ ಮನೆ

ದೊಡ್ಡಪ್ಪ (ಚಿತ್ರದುರ್ಗ): (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ! ಎರಡು ನೀಲಿ ಟಿಕ್ ಜೊತೆ ಒಂದು ಕೆಂಪು ಟಿಕ್ ಬಂದರೆ ಸರ್ಕಾರ ನಿಮ್ಮ ಸಂದೇಶ ಓದಿ ಕ್ರಮ ಆರಂಭಿಸಿದೆ ಎಂದರ್ಥ. ಮೂರೂ ಕೆಂಪಾದರೆ ಸಮನ್ಸ್! ಎಲ್ಲರಿಗೂ ತಿಳಿಸಿ.

ದೊಡ್ಡಪ್ಪ: ಮಕ್ಕಳೇ, ಇನ್ನಾದರೂ ಯೋಚಿಸಿ ಬರೆಯಿರಿ. ಆಡಿದ ಮಾತಿಗೆ ಜವಾಬ್ದಾರಿ ಇರಬೇಕು.

ಚಿಕ್ಕಮ್ಮ (ಚಿತ್ರದುರ್ಗ): ಅಯ್ಯೋ, ನಲ್ಲಿಯಲ್ಲಿ ನೀರು ಬಂದಿಲ್ಲವೆಂದು ಮೊನ್ನೆ ಬಡಾವಣೆಯ ಗುಂಪಿನಲ್ಲಿ ಬೈದು ಬರೆದಿದ್ದೆ. ಅಳಿಸಿಬಿಡಲೇ?

ಅಕ್ಕ: ದೊಡ್ಡಪ್ಪ, ಇದಕ್ಕೆ ಆಧಾರ ಎಲ್ಲಿದೆ?

ದೊಡ್ಡಪ್ಪ: ನಿವೃತ್ತ ಅಧಿಕಾರಿಯೊಬ್ಬರು ಕಳುಹಿಸಿದ್ದು. ಸೈಟಿನ ವಿಷಯದಲ್ಲೂ ನೀನು ನನ್ನನ್ನು ಹೀಗೆಯೇ ಪಾಟೀಸವಾಲಿಗೆ ನಿಲ್ಲಿಸಿದ್ದೆ.

ಅಕ್ಕ: ಕಳುಹಿಸಿದವರ ಹುದ್ದೆಯನ್ನು ನಾನು ಕೇಳಲಿಲ್ಲ. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ ಪಿಐಬಿ 2020ರಲ್ಲೇ ಇದು ಸುಳ್ಳು ಎಂದು ಹೇಳಿದೆ.

ಅತ್ತೆ (ದಾವಣಗೆರೆ): ಕೆಂಪು ಟಿಕ್ ಹಾಗಿರಲಿ. ಮಂಡಿ ಆಪರೇಷನ್ನಿನ ಹಿಂದಿನ ದಿನ ನನ್ನ ತಮ್ಮನಿಗೆ ಸಂದೇಶ ಕಳುಹಿಸಿದ್ದೆ. ಇವತ್ತಿಗೂ ನೀಲಿಯಾಗಿಲ್ಲ.

ಚಿಕ್ಕಪ್ಪ: ಅಕ್ಕಾ, ಅಂದೇ ಓದಿದ್ದೆ. ಗಿರಾಕಿಗಳು ‘ಓದಿದಿರಲ್ಲ, ಉತ್ತರವೇಕಿಲ್ಲ’ ಎಂದು ಪೀಡಿಸುತ್ತಾರೆಂದು ಓದಿದ್ದನ್ನು ತೋರಿಸುವ ರೀಡ್ ರಿಸೀಟ್ಸ್ ಆಫ್ ಮಾಡಿಟ್ಟಿದ್ದೇನೆ.

ಅತ್ತೆ: ಓದಿಯೂ ಬರಲಿಲ್ಲವೇ? ಇದು ಇನ್ನೂ ಚೆನ್ನಾಯಿತು!

ದೊಡ್ಡಪ್ಪ: ಒಡಹುಟ್ಟಿದವರ ನಡುವೆ ಮುಚ್ಚುಮರೆ ಏಕೆ?

ಅಕ್ಕ: ನಿಮ್ಮ ಲಾಸ್ಟ್ ಸೀನ್ ಕೂಡ ಯಾರಿಗೂ ಕಾಣುವುದಿಲ್ಲ, ದೊಡ್ಡಪ್ಪ.

ದೊಡ್ಡಪ್ಪ: ಅದು ಮೊಮ್ಮಗ ಮಾಡಿದ್ದು.

ಅತ್ತೆಯ ಮಗ: ಊರಿಂದ ಬಂದ ಇನ್‌ಲ್ಯಾಂಡ್ ಪತ್ರವನ್ನು ಅಜ್ಜ ಜಗಲಿಯಲ್ಲಿ ಕುಳಿತು ಇಡೀ ಬೀದಿಗೆ ಕೇಳುವಂತೆ ಓದುತ್ತಿದ್ದರು. ಆಮೇಲೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ. ಆ ರುಚಿ ಈಗ ದಾವಣಗೆರೆಯಲ್ಲೂ ಸಿಗುವುದಿಲ್ಲ.

ಚಿಕ್ಕಮ್ಮ: ಆ ಮೆಣಸಿನಕಾಯಿ ಕರಿಯುತ್ತಿದ್ದವಳು ನಾನು. ಯಾರೂ ನೆನೆಯುವುದಿಲ್ಲ. ಈಗ ಹೇಳಿ, ನಾನು ಬರೆದದ್ದನ್ನು ಅಳಿಸಲೇ, ಬೇಡವೇ?

ನಾನು: ಅಳಿಸಬೇಡಿ ಚಿಕ್ಕಮ್ಮ. ಕೆಂಪು ಟಿಕ್ ಎಂಬುದೇ ಇಲ್ಲ. ಒಂದು ಬೂದು ಟಿಕ್ ಬಂದರೆ ಸಂದೇಶ ಹೊರಟಿದೆ, ಎರಡು ಬಂದರೆ ತಲುಪಿದೆ, ಎರಡೂ ನೀಲಿಯಾದರೆ ಓದಿದ್ದಾರೆ, ಅಷ್ಟೇ. 2016ರಿಂದ ಕಳುಹಿಸಿದವರು, ಪಡೆದವರು ಮಾತ್ರ ಓದಬಲ್ಲ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇರುವುದರಿಂದ ದಾರಿಯಲ್ಲಿ ಕಂಪನಿಗೂ ಅದನ್ನು ಓದಲಾಗದು. ಗುಂಪಿನಲ್ಲಿರುವವರೇ ಸ್ಕ್ರೀನ್‌ಶಾಟ್ ತೆಗೆದು ಹಂಚಬಹುದು, ಅದು ಬೇರೆ ಮಾತು. ನೀರು ಕೇಳುವುದು ಅಪರಾಧವಲ್ಲ. ಯಾರೋ ಹುಟ್ಟಿಸಿದ ಸುಳ್ಳಿಗೆ ಹೆದರಿ ನೀವು ಸುಮ್ಮನಾದರೆ ನನಗೆ ಸಂಕಟವಾಗುತ್ತದೆ. ಚಿಕ್ಕಪ್ಪ, ರೀಡ್ ರಿಸೀಟ್ಸ್ ಆಫ್ ಮಾಡುವುದು ನಿಮ್ಮ ಇಷ್ಟ. ಹಾಗೆ ಮಾಡಿದರೆ ಬೇರೆಯವರು ಓದಿದ್ದು ನಿಮಗೂ ತಿಳಿಯುವುದಿಲ್ಲ. ಗುಂಪಿನಲ್ಲಿ ಮಾತ್ರ ಆ ಸೆಟ್ಟಿಂಗ್ ನಡೆಯುವುದಿಲ್ಲ. ಅತ್ತೆ ಆಪರೇಷನ್ ದಿನಾಂಕವನ್ನು ಇಲ್ಲಿಯೂ ಹಾಕಿದ್ದರು. ಅವರು ತಮ್ಮ ಆ ಸಂದೇಶವನ್ನು ಒತ್ತಿ ಹಿಡಿದು ಮಾಹಿತಿ ತೆರೆದರೆ ಯಾರು ಯಾವಾಗ ಓದಿದರೆಂದು ಕಾಣುತ್ತದೆ.

ದೊಡ್ಡಪ್ಪ: ಅಂದರೆ ಎಚ್ಚರಿಸಿದವನದೇ ತಪ್ಪು ಎಂದಾಯಿತು.

ಅತ್ತೆ: ಈಗ ತೆರೆದು ನೋಡಿದೆ ಅಣ್ಣಾ. ಎಲ್ಲರೂ ಅಂದೇ ಓದಿದ್ದೀರಿ, ನೀನೂ ಸಹ. ದುರ್ಗದಿಂದ ಬಂದವಳು ತಮ್ಮನ ಹೆಂಡತಿ ಒಬ್ಬಳೇ.

ಚಿಕ್ಕಪ್ಪ: ಅವಳನ್ನು ಕಳುಹಿಸಿದವನು ನಾನೇ.

ಚಿಕ್ಕಮ್ಮ: ನೀವು ಕಳುಹಿಸಲಿಲ್ಲ. ನಾನೇ ಬಸ್ ಹತ್ತಿ ಹೋದೆ.

ಅತ್ತೆ: ಇನ್ನೊಂದು ಮಂಡಿಯ ಆಪರೇಷನ್ ಮುಂದಿನ ತಿಂಗಳು. ದಿನಾಂಕವನ್ನು ಇಲ್ಲಿಯೇ ಹಾಕುತ್ತೇನೆ.